ಮಾಂದ್ಯ ಬಂದಾಗ ಮೊದಲು ಯಾರು, ಆಮದಾರ ಸಾಹೇಬರೇ?

ನಮ್ಮ ಕ್ಷೇತ್ರದ ಆಮದಾರ (ಶಾಸಕ) ಸಾಹೇಬರಿಗೆ ನಮಸ್ಕಾರ.

ನಾನು ಪುಣೆಯ ಸಿಂಹಗಡ ರಸ್ತೆ ಕಡೆಯ ನಿಮ್ಮ ಮತದಾರ. ಊರು ವಿಜಯಪುರ ಜಿಲ್ಲೆ. ಸಣ್ಣಪುಟ್ಟ ಕಂಪನಿ, ಅಂಗಡಿಗಳ ಪಗಾರದ ಲೆಕ್ಕ ಬರೆಯುವುದು ನನ್ನ ಕೆಲಸ. ಪತ್ರ ಕನ್ನಡದಲ್ಲಿದೆ ಅಂತ ಬೇಸರ ಬೇಡ. ಚುನಾವಣೆ ವೇಳೆ ನಮ್ಮ ವಸ್ತಿಗೆ ಬಂದಾಗ ನೀವು ‘ನಮಸ್ಕಾರ್ರಿ, ಆರಾಮ ಇದ್ದೀರಿ?’ ಅಂತ ಕನ್ನಡದಲ್ಲೇ ಕೇಳಿದ್ದಿರಿ. ಉತ್ತರ ಕೇಳಿಸಿಕೊಳ್ಳೋಕೆ ಅವತ್ತು ನಿಮಗೆ ಪುರುಸೊತ್ತು ಇರಲಿಲ್ಲ. ಈಗ ಕೊಡುತ್ತಿದ್ದೇನೆ. ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆ ಮುಟ್ಟಿಸುತ್ತೇನೆ.

ಬಜೆಟ್ ಅಧಿವೇಶನಕ್ಕೆ ಮುಂಚೆ ನಿಮ್ಮ ಶಾಸಕಾಂಗ ಪಕ್ಷದ ಸಭೆ ಸೇರುತ್ತದೆ. ಬೊಕ್ಕಸ ಬಿಗಿಯಾಗಿದೆ ಅಂತ ನಿಮ್ಮವರೇ ಹೇಳುತ್ತಿದ್ದಾರೆ. ರಾಜ್ಯದ ಸಾಲ 9 ಲಕ್ಷ ಕೋಟಿ ದಾಟಿದೆ. ದುಡ್ಡು ಕಡಿಮೆ ಇದ್ದಾಗ ಯಾವುದನ್ನು ಉಳಿಸಬೇಕು, ಯಾವುದಕ್ಕೆ ಕತ್ತರಿ ಹಾಕಬೇಕು ಅನ್ನೋದು ತೀರ್ಮಾನವಾಗುವುದು ಇಂಥ ಸಭೆಗಳಲ್ಲೇ. ಆಮೇಲೆ ಸದನದಲ್ಲಿ ಕೈ ಎತ್ತಿದರೆ ಮುಗೀತು. ಹಾಗಾಗಿ ನನ್ನ ಮಾತು ಆ ಸಭೆಗೆ ಮುಟ್ಟಬೇಕು.

ಕೇಳುವುದು ಒಂದೇ. ಮಾಂದ್ಯ ಬಂದಾಗ, ಅಂದರೆ ವ್ಯಾಪಾರ, ಕೆಲಸ ಕುಗ್ಗಿದಾಗ, ನಗರದ ದಿನಗೂಲಿಯವರಿಗೆ ಕೆಲಸ ಕೊಡುವುದನ್ನು ನಿಮ್ಮ ಪಟ್ಟಿಯ ಮೊದಲಿಗೆ ಇಡಿ. ಮನಸ್ಸು ಬಂದಾಗ ಕೊಡುವ ಯೋಜನೆ ಸಾಲದು. ಹಳ್ಳಿಯವರಿಗೆ ಕಾಯ್ದೆ ಮಾಡಿ ಕೊಟ್ಟಿರಲ್ಲ, ಹಾಗೆಯೇ ಹಕ್ಕಾಗಿ ಕೊಡಿ.

ಇದು ಯಾಕೆ ನನ್ನ ತಲೆಗೆ ಬಂತು ಹೇಳುತ್ತೇನೆ. ಪ್ರತಿ ತಿಂಗಳು ಪಗಾರದ ಚೀಟಿ ಮಾಡುವಾಗ ಒಂದು ಕಾಲಂ ಬರುತ್ತದೆ, ಪ್ರೊಫೆಷನಲ್ ಟ್ಯಾಕ್ಸ್, ಅಂದರೆ ವೃತ್ತಿ ತೆರಿಗೆ. ತಿಂಗಳಿಗೆ 200, ಫೆಬ್ರವರಿಯಲ್ಲಿ 300, ವರ್ಷಕ್ಕೆ 2500. ತಿಂಗಳಿಗೆ ಹತ್ತು ಸಾವಿರ ದಾಟಿದ ವಾಚ್‌ಮನ್‌ಗೂ ಅಷ್ಟೇ, ಹಿಂಜವಡಿಯ ಐಟಿ ಕಂಪನಿಯಲ್ಲಿ ಲಕ್ಷಗಟ್ಟಲೆ ಎಣಿಸುವ ಎಂಜಿನಿಯರ್‌ಗೂ ಅಷ್ಟೇ. ಸಂವಿಧಾನದ 276ನೇ ವಿಧಿ ವರ್ಷಕ್ಕೆ 2500ರ ಮೇಲೆ ಹೋಗಬೇಡಿ ಅನ್ನುತ್ತದೆ, ಹಾಗಾಗಿ ಮೇಲಿನವರಿಗೆ ಏರಿಸಲು ನಿಮ್ಮ ಕೈಯಲ್ಲಿಲ್ಲ. ಕೆಳಗಿನವರಿಗೆ ಬಿಡಲು ಮಾತ್ರ ಇದೆ. 2023ರಲ್ಲಿ 25 ಸಾವಿರದವರೆಗಿನ ಪಗಾರದ ಹೆಣ್ಣುಮಕ್ಕಳಿಗೆ ಬಿಟ್ಟಿರಿ, ಒಳ್ಳೇದೇ ಆಯಿತು. ಅದೇ ಪಗಾರದ ಗಂಡಸಿಗೆ ಯಾಕಿಲ್ಲ ಅಂತ ನನ್ನನ್ನು ಕೇಳುತ್ತಾರೆ. ನಾನೇನು ಹೇಳಲಿ?

ಆದರೆ ನನ್ನ ತಕರಾರು ಕಡಿತದ್ದಲ್ಲ. ಆ ದುಡ್ಡು ಯಾವುದಕ್ಕೆ ಅಂತ ಹುಟ್ಟಿತು ಅನ್ನೋದನ್ನು ನಿಮ್ಮ ಪಕ್ಷ, ಸತ್ಯ ಹೇಳಬೇಕೆಂದರೆ ಎಲ್ಲ ಪಕ್ಷಗಳೂ, ಮರೆತಂತಿದೆ.

1972ರ ಬರ ನಿಮಗೂ ಗೊತ್ತು. ನಮ್ಮ ವಿಜಯಪುರದ ಕಡೆಯೂ ಹಿರಿಯರು ‘72ರ ಬರ’ ಅಂತಲೇ ಕಾಲ ಎಣಿಸುತ್ತಾರೆ. ಮಹಾರಾಷ್ಟ್ರದಲ್ಲಿ ಆಗ ಲಕ್ಷಾಂತರ ಜನ ಕೆರೆ, ಬದು, ರಸ್ತೆ ಕೆಲಸಕ್ಕೆ ಇಳಿದರು. ಇದರ ಬೀಜ ಅದಕ್ಕೂ ಮುಂಚೆಯೇ ಬಿದ್ದಿತ್ತು. ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ.ಸ. ಪಾಗೆ ಅವರು ಸಾಂಗ್ಲಿ ಜಿಲ್ಲೆಯ ತಾಸಗಾಂವ್ ಕಡೆ 1965ರಲ್ಲೇ ಈ ಪ್ರಯೋಗ ಮಾಡಿಸಿದ್ದರು. ದುಡಿಯಲು ಸಿದ್ಧವಿದ್ದವನಿಗೆ ಸರ್ಕಾರ ಕೆಲಸ ಕೊಡಲೇಬೇಕು, ಅಷ್ಟೇ ಅವರ ಮಾತು. ಬರ ಬಂದಾಗ ಅದು ರಾಜ್ಯದ ಯೋಜನೆಯಾಯಿತು. 1977ರಲ್ಲಿ ಎರಡೂ ಸದನಗಳಲ್ಲಿ ಉದ್ಯೋಗ ಖಾತರಿ ಕಾಯ್ದೆ ಪಾಸಾಯಿತು, 1979ರ ಜನವರಿ 26ರಿಂದ ಜಾರಿಗೆ ಬಂತು. ಕೆಲಸ ಕೇಳಿದ 15 ದಿನದೊಳಗೆ ಕೊಡಬೇಕು, ಇಲ್ಲದಿದ್ದರೆ ದಿನಕ್ಕೆ ಕನಿಷ್ಠ ಒಂದು ರೂಪಾಯಿ ಭತ್ಯೆ. 2005ರಲ್ಲಿ ದೆಹಲಿ ಇಡೀ ದೇಶಕ್ಕೆ ಮಾಡಿದ ಕಾಯ್ದೆಗೆ ಮಾದರಿ ಇದೇ.

ದುಡ್ಡು? ಅದಕ್ಕೇ 1975ರಲ್ಲಿ ವೃತ್ತಿ ತೆರಿಗೆ ಬಂದದ್ದು. ಪಟ್ಟಣದಲ್ಲಿ ಪಗಾರ ಎಣಿಸುವವನು ಹಳ್ಳಿಯಲ್ಲಿ ಕೆಲಸವಿಲ್ಲದವನಿಗೆ ಇಷ್ಟು ಕೊಡಲಿ, ಸರ್ಕಾರವೂ ಅಷ್ಟೇ ಹಾಕಲಿ ಅಂತ ಒಪ್ಪಂದ. ನನಗೆ ಇದರ ಬಗ್ಗೆ ಬಹಳ ಗೌರವ. ಕಷ್ಟಕಾಲದಲ್ಲಿ ಒಂದು ಶಾಸನಸಭೆ ಹೊಸ ತೆರಿಗೆ ಹಾಕಿ, ಅದನ್ನು ಕೂಲಿಗೇ ಅಂತ ಕಟ್ಟಿಟ್ಟದ್ದು ಸಣ್ಣ ಮಾತಲ್ಲ. ಇವತ್ತು ಯಾವ ಪಕ್ಷಕ್ಕೆ ಆ ಧೈರ್ಯ ಇದೆ?

ಕೇಂದ್ರದ ಕಾಯ್ದೆ ಬಂದ ಮೇಲೆ ಕೂಲಿಯ ದೊಡ್ಡ ಹೊರೆಯನ್ನು ವರ್ಷಗಟ್ಟಲೆ ದೆಹಲಿಯೇ ಹೊತ್ತಿತು. ನಮ್ಮ 200 ಮಾತ್ರ ನಿಲ್ಲಲಿಲ್ಲ. ನಿಲ್ಲಿಸಿ ಅಂತಲೂ ನಾನು ಹೇಳುತ್ತಿಲ್ಲ. ಹಳ್ಳಿಯವನ ಪಾಲು ಕಿತ್ತು ನಗರಕ್ಕೆ ಕೊಡಿ ಅಂತಲೂ ಅಲ್ಲ. ಖಾತರಿಯ ಬಾಗಿಲನ್ನು ನಗರಕ್ಕೂ ತೆರೆಯಿರಿ. ಇದೇನು ಹೊಸ ಮಾತೂ ಅಲ್ಲ ಸಾಹೇಬರೇ. ರಾಜ್ಯದ ಹಳೇ ಯೋಜನೆಯಲ್ಲೇ ಹಳ್ಳಿಗಳ ಜೊತೆ ‘ಕ’ ವರ್ಗದ ಸಣ್ಣ ಪುರಸಭೆಗಳೂ ಸೇರಿದ್ದವು. ಆಗ ಪುಣೆ ಯಾಕೆ ಬೇಡವಾಯಿತು ಅಂದರೆ, ಪುಣೆಗೆ ಬಂದವನಿಗೆ ಕೆಲಸ ಸಿಕ್ಕೇ ಸಿಗುತ್ತದೆ ಅಂತ ಎಲ್ಲರೂ ನಂಬಿದ್ದರು ಅಂತ ಕಾಣುತ್ತದೆ.

ಆ ನಂಬಿಕೆ ಎಷ್ಟು ಗಟ್ಟಿ ಅಂತ ನೋಡಬೇಕಿದ್ದರೆ ಬೆಳಿಗ್ಗೆ ಎಂಟು ಗಂಟೆಗೆ ವಾರ್ಜೆಯ ಮಜೂರ್ ಅಡ್ಡಾಕ್ಕೆ, ಕೂಲಿಯವರು ಕೆಲಸ ಕಾಯುತ್ತಾ ನಿಲ್ಲುವ ಜಾಗಕ್ಕೆ, ಬನ್ನಿ. ಕಾರು ಸ್ವಲ್ಪ ದೂರದಲ್ಲೇ ನಿಲ್ಲಿಸಿ, ಇಲ್ಲದಿದ್ದರೆ ಕೆಲಸ ಕೊಡುವ ಸೇಠ್ ಬಂದ ಅಂತ ಐವತ್ತು ಜನ ಮುತ್ತಿಕೊಳ್ಳುತ್ತಾರೆ. ಯಾದಗಿರಿ, ಸೇಡಂ, ಸಿಂದಗಿ, ಇಂಡಿ ಕಡೆಯ ಕನ್ನಡ ಕೇಳಿಸುತ್ತದೆ. ನಾಂದೇಡ್, ಲಾತೂರ್ ಕಡೆಯ ಮರಾಠಿಯೂ ಕೇಳಿಸುತ್ತದೆ. ಗವಂಡಿಗಳ ಕೈಚೀಲದಿಂದ ಥಾಪಿಯ (ಗಾರೆ ಬಳಿಯುವ ಕರಣೆ) ಹಿಡಿ ಹೊರಗೆ ಇಣುಕುತ್ತಿರುತ್ತದೆ. ಬಿಗಾರಿಗಳ, ಅಂದರೆ ಹೊರೆ ಹೊರುವ ಕೂಲಿಯವರ, ಕೈಯಲ್ಲಿ ಬುತ್ತಿ ಬಿಟ್ಟರೆ ಏನೂ ಇಲ್ಲ. ಹೆಂಗಸರು ಒಂದು ಕಡೆ ಗುಂಪಾಗಿ ಕೂತಿರುತ್ತಾರೆ. ಸೀರೆಯ ಮೇಲೆ ಗಂಡನ ಹಳೇ ಫುಲ್ ಶರ್ಟು, ತಲೆಗೆ ಸಿಂಬಿ ಮಾಡಲು ಒಂದು ತುಂಡು ಬಟ್ಟೆ.

ಒಂದು ಬೈಕು ನಿಲ್ಲುತ್ತದೆ. ‘ದೋನ್ ಬಿಗಾರಿ’, ಇಬ್ಬರು ಬೇಕು ಅಂತಾನೆ. ಕೆಲಸ ಜೋರಾಗಿರುವ ಕಾಲದಲ್ಲಿ ಇವರು ದರ ಹೇಳುತ್ತಾರೆ, ಅವನು ಚೌಕಾಸಿ ಮಾಡುತ್ತಾನೆ. ಕೆಲಸ ಇಲ್ಲದ ಕಾಲದಲ್ಲಿ ಅವನು ದರ ಹೇಳುತ್ತಾನೆ, ಇವರು ಒಬ್ಬರಿಗಿಂತ ಒಬ್ಬರು ಕೆಳಗೆ ಇಳಿಯುತ್ತಾರೆ. ಅಣ್ಣ ನೂರು ಕಮ್ಮಿ ಅಂದರೆ ಪಕ್ಕದ ಊರಿನವನು ಇನ್ನೂ ಐವತ್ತು ಬಿಡುತ್ತಾನೆ. ಹತ್ತೂವರೆ ಆದರೆ ಅವತ್ತಿನ ದಿನ ಹೋಯಿತು ಅಂತಲೇ ಅರ್ಥ. ಆದರೂ ಕೆಲವರು ಎದ್ದು ಹೋಗುವುದಿಲ್ಲ. ಬುತ್ತಿ ಅಲ್ಲೇ ಬಿಚ್ಚುತ್ತಾರೆ. ಮಾಂದ್ಯ ಮೊದಲು ಬರುವುದು ಇಲ್ಲಿಗೆ. ಪೇಪರಿಗೆ ಆಮೇಲೆ, ವಿಧಾನಭವನಕ್ಕೆ ಎಲ್ಲಕ್ಕಿಂತ ಕೊನೆಗೆ.

2020ರಲ್ಲಿ ಏನಾಯಿತು ನೆನಪಿದೆಯಲ್ವಾ? ಸರ್ಕಾರ ಯಾರದ್ದಿತ್ತು ಅಂತ ಈಗ ವಾದ ಬೇಡ. ಅಲ್ಲಿಂದೀಚೆಗೆ ಪುಣೆಯಲ್ಲಿ ಯಾರು ಯಾವ ಪಕ್ಷ ಅಂತ ಲೆಕ್ಕ ಇಡುವುದೇ ಕಷ್ಟವಾಗಿದೆ. ಮೇ 4ಕ್ಕೆ ಆದೇಶ ಬಂತು: ಆ ವರ್ಷ ಇಲಾಖೆಗಳಿಗೆ ಬಜೆಟ್‌ನ ಶೇ 33 ಮಾತ್ರ. ಹೊಸ ಕಾಮಗಾರಿ ಬೇಡ, ಆರೋಗ್ಯ ಇಲಾಖೆ ಬಿಟ್ಟು ಹೊಸ ನೇಮಕಾತಿ ಬೇಡ. ಆಸ್ಪತ್ರೆಗೂ ರೇಷನ್ನಿಗೂ ದುಡ್ಡು ಉಳಿಸಬೇಕಿತ್ತು, ಒಪ್ಪುತ್ತೇನೆ. ಆದರೆ ಖಾಸಗಿಯವರು ಕೆಲಸ ನಿಲ್ಲಿಸಿದ ಹೊತ್ತಿಗೇ ಸರ್ಕಾರವೂ ಕೆಲಸ ನಿಲ್ಲಿಸಿದರೆ ಅಡ್ಡಾದವನು ಎಲ್ಲಿಗೆ ಹೋಗಬೇಕು? ಊರಿಗೇ ಹೋದ. ನಡೆದೇ ಹೋದವರೂ ಇದ್ದರು.

ಆಗಸ್ಟ್ ಕೊನೆಗೆ ಮನೆ ಖರೀದಿಯ ಸ್ಟಾಂಪ್ ಡ್ಯೂಟಿ ಇಳಿಯಿತು. ಡಿಸೆಂಬರ್‌ವರೆಗೆ ಶೇ 3ರಷ್ಟು ಕಡಿತ, ಮುಂದಿನ ಮಾರ್ಚ್‌ವರೆಗೆ ಶೇ 2ರಷ್ಟು. 2021ರ ಜನವರಿಯಲ್ಲಿ ಬಿಲ್ಡರ್‌ಗಳು ಕಟ್ಟಡದ ಅನುಮತಿಗೆ ಕಟ್ಟುವ ಪ್ರೀಮಿಯಂ ಅರ್ಧಕ್ಕೆ ಇಳಿಯಿತು. ಇದರಿಂದ ಫ್ಲಾಟುಗಳು ಖರ್ಚಾದವು, ಸೈಟುಗಳು ಶುರುವಾದವು, ಅಡ್ಡಾಕ್ಕೂ ಅಷ್ಟಿಷ್ಟು ಕೆಲಸ ಬಂತು. ಸುಮ್ನೆ ಬೈಯುವುದಿಲ್ಲ. ಆದರೆ ಒಂದು ಸಂಗತಿ ನೋಡಿ. ಪ್ರೀಮಿಯಂ ಬಿಡುವಾಗ ಸರ್ಕಾರ ಒಂದು ಷರತ್ತು ಹಾಕಿತು: ಲಾಭ ಪಡೆದ ಬಿಲ್ಡರ್ ಗಿರಾಕಿಯ ಸ್ಟಾಂಪ್ ಡ್ಯೂಟಿ ತಾನೇ ಕಟ್ಟಬೇಕು. ಅಂದರೆ ಷರತ್ತು ಹಾಕುವುದು ನಿಮಗೆ ಬರುತ್ತದೆ! ಫ್ಲಾಟು ಕೊಳ್ಳುವವನ ನೆನಪಾಯಿತು, ಅದನ್ನು ಕಟ್ಟುವವನ ನೆನಪಾಗಲಿಲ್ಲ. ಕೂಲಿಯವರನ್ನು ನೋಂದಾಯಿಸಿ, ಪಗಾರ ಬ್ಯಾಂಕಿಗೆ ಹಾಕಿ, ಆಮೇಲೆ ರಿಯಾಯಿತಿ ತಗೊಳ್ಳಿ ಅಂತ ಇನ್ನೊಂದು ಸಾಲು ಸೇರಿಸಿದ್ದರೆ ಏನು ಖರ್ಚಾಗುತ್ತಿತ್ತು?

ಕಟ್ಟಡ ಕಾರ್ಮಿಕರ ಮಂಡಳಿ ಇದೆಯಲ್ಲ ಅಂತ ನಿಮ್ಮ ಪಿಎ ಹೇಳಬಹುದು. ಇದೆ. ಕಟ್ಟಡದ ಖರ್ಚಿನ ಮೇಲೆ ಶೇ 1 ಸೆಸ್ ಅದಕ್ಕೆ ಹೋಗುತ್ತದೆ. 2020ರ ಏಪ್ರಿಲ್‌ನಲ್ಲಿ ನೋಂದಾಯಿತ ಕಾರ್ಮಿಕರ ಖಾತೆಗೆ 2000 ರೂಪಾಯಿ ಹಾಕಿತು, 2021ರಲ್ಲಿ 1500. ನೋಂದಣಿಗೆ ಮಾತ್ರ ಹಿಂದಿನ ವರ್ಷದಲ್ಲಿ 90 ದಿನ ದುಡಿದದ್ದಕ್ಕೆ ಪ್ರಮಾಣಪತ್ರ ಬೇಕು. ಅಡ್ಡಾದವನಿಗೆ ಇವತ್ತು ಒಬ್ಬ ಮಾಲೀಕ, ನಾಳೆ ಇನ್ನೊಬ್ಬ, ನಾಡಿದ್ದು ಯಾರೂ ಇಲ್ಲ. ನಮ್ಮೂರಿನ ಒಬ್ಬ ಸೆಂಟ್ರಿಂಗ್ ಕೆಲಸದವನ ಫಾರಂ ತುಂಬಿಕೊಟ್ಟಿದ್ದೆ. ಸಹಿ ಕೇಳಿದ್ದಕ್ಕೆ ಮುಕಾದಮ್ (ಮೇಸ್ತ್ರಿ) ‘ನಾಳೆಯಿಂದ ಬರಬೇಡ’ ಅಂದ. ಫಾರಂ ಈಗಲೂ ನನ್ನ ಡ್ರಾಯರಿನಲ್ಲಿದೆ.

ಹೆಣ್ಣುಮಕ್ಕಳಿಗೆ ತಿಂಗಳಿಗೆ ದುಡ್ಡು ಹಾಕುವ ಲಾಡಕಿ ಬಹೀಣ್ ಯೋಜನೆ ಬಗ್ಗೆಯೂ ಒಂದು ಮಾತು. ತಿಂಗಳ 1500 ನಮ್ಮ ಓಣಿಯ ಎಷ್ಟೋ ಮನೆಗಳಲ್ಲಿ ಗ್ಯಾಸಿಗೆ, ಮಕ್ಕಳ ಫೀಸಿಗೆ ಆಗುತ್ತಿದೆ. ಅದನ್ನು ಕಿತ್ತುಕೊಳ್ಳಿ ಅಂತ ಹೇಳುವವನು ನಾನಲ್ಲ. ಆದರೆ ಅದಕ್ಕೆ ಡೊಮಿಸೈಲ್ (ಈ ರಾಜ್ಯದ ನಿವಾಸಿ ಅನ್ನುವ ಪತ್ರ) ಬೇಕು, ಇಲ್ಲವೇ 15 ವರ್ಷ ಹಳೆಯ ರೇಷನ್ ಕಾರ್ಡೋ ವೋಟರ್ ಕಾರ್ಡೋ ಬೇಕು. ಅಡ್ಡಾದಲ್ಲಿ ಫುಲ್ ಶರ್ಟು ಹಾಕಿ ಕೂತವಳ ಹತ್ತಿರ ಅದೆಲ್ಲಿ ಬರಬೇಕು? ಪಾಗೆ ಅವರ ವಿಚಾರದ ಜಾಣತನ ಇಲ್ಲೇ ಇದೆ. ಪಟ್ಟಿ ಮಾಡುವುದು, ಜರಡಿ ಹಿಡಿಯುವುದು, ಆಮೇಲೆ ಹೆಸರು ತೆಗೆಯುವುದು, ಯಾವ ರಗಳೆಯೂ ಇಲ್ಲ. ಬಿಸಿಲಲ್ಲಿ ಬುಟ್ಟಿ ಹೊರಲು ಯಾರು ಬಂದರೋ ಅವರಿಗೇ ಬೇಕು ಅಂತ ಲೆಕ್ಕ. ಕೆಲಸ ಜೋರಾದಾಗ ಅವರೇ ಬೇರೆ ಕಡೆ ಹೋಗುತ್ತಾರೆ, ನಿಮ್ಮ ಖರ್ಚೂ ತಾನಾಗಿ ಇಳಿಯುತ್ತದೆ. ಬೊಕ್ಕಸ ಬಿಗಿಯಾದ ಸರ್ಕಾರಕ್ಕೆ ಇದಕ್ಕಿಂತ ಅಗ್ಗದ ದಾರಿ ನನ್ನ ಲೆಕ್ಕಕ್ಕಂತೂ ಸಿಕ್ಕಿಲ್ಲ.

ಬೇರೆ ರಾಜ್ಯಗಳು ಮಾಡಿ ನೋಡಿವೆ. ಕೇರಳ 2010ರಲ್ಲೇ ಅಯ್ಯಂಕಾಳಿ ಹೆಸರಿನಲ್ಲಿ ನಗರಕ್ಕೆ 100 ದಿನದ ಖಾತರಿ ತಂದಿತು. ನಾವು ಕತ್ತರಿ ಹಿಡಿದಿದ್ದ 2020ರಲ್ಲೇ ಒಡಿಶಾ 100 ಕೋಟಿ ಇಟ್ಟು ನಗರಗಳಲ್ಲಿ ಕೂಲಿ ಕೆಲಸ ಶುರು ಮಾಡಿತು, ಜಾರ್ಖಂಡ್ ಮತ್ತು ಹಿಮಾಚಲವೂ ಮಾಡಿದವು. ರಾಜಸ್ಥಾನ 2022ರಲ್ಲಿ 800 ಕೋಟಿ ಇಟ್ಟಿತು. ಇವರಲ್ಲಿ ಹಲವರು ನಮಗಿಂತ ಬಡವರು. ದೇಶಕ್ಕೆ ಈ ವಿದ್ಯೆ ಕಲಿಸಿದ ಮಹಾರಾಷ್ಟ್ರ ಮಾತ್ರ ನೋಡುತ್ತಾ ಕೂತಿದೆ.

ಮಾಡಲು ಕೆಲಸ ಇಲ್ಲ ಅಂತ ಹೇಳಬೇಡಿ. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬೀಲ್ ಓಢಾ (ಹಳ್ಳ) ಉಕ್ಕಿ ಎಷ್ಟು ಜನ ಹೋದರು, ನಿಮಗೆ ಗೊತ್ತು. 2024ರ ಜುಲೈನಲ್ಲಿ ನಮ್ಮ ಸಿಂಹಗಡ ರಸ್ತೆಯ ಏಕತಾ ನಗರಿಗೇ ನೀರು ನುಗ್ಗಿತು. ಓಢಾಗಳ ಹೂಳು, ಅಂಚಿನ ಗೋಡೆ, ಗುಡ್ಡಗಳ ಮೇಲೆ ನೀರಿಂಗಿಸುವ ಗುಂಡಿ, ಪಾಲಿಕೆ ಶಾಲೆಗಳ ಸೋರುವ ಮಾಳಿಗೆ, ಎಲ್ಲವೂ ಕೈಯಿಂದ ಆಗುವ ಕೆಲಸ. ಗವಂಡಿಗಳು ಅಡ್ಡಾದಲ್ಲಿ ಕೂತಿದ್ದಾರೆ. ಹೂಳು ಓಢಾದಲ್ಲಿ ಕೂತಿದೆ.

ನಿಮ್ಮ ಬಗ್ಗೆಯೂ ಹೇಳಿಬಿಡುತ್ತೇನೆ, ಕೋಪ ಮಾಡಿಕೊಳ್ಳಬೇಡಿ. 2020ರಲ್ಲಿ ಶಾಸಕರ ಪಗಾರದಲ್ಲಿ ಒಂದು ವರ್ಷ ಶೇ 30 ಕಡಿತ ಮಾಡಿಕೊಂಡಿರಿ, ಪೇಪರಲ್ಲಿ ಓದಿ ಖುಷಿಯಾಗಿತ್ತು. ಅದೇ ವರ್ಷ, ಕ್ಷೇತ್ರದ ಕೆಲಸಕ್ಕೆ ಅಂತ ನಿಮಗೆ ಸಿಗುವ ಆಮದಾರ ನಿಧಿ 2 ಕೋಟಿಯಿಂದ 3ಕ್ಕೆ ಏರಿತು. 2021ರಲ್ಲಿ 4, 2022ರಲ್ಲಿ 5. ಬಸ್ ಸ್ಟಾಪಿನ ಮೇಲೆ ನಿಮ್ಮ ಫೋಟೋ ಬರುವ ದುಡ್ಡಿಗೆ ಮಾಂದ್ಯ ತಟ್ಟಲೇ ಇಲ್ಲ. ಅದರಲ್ಲೊಂದು ಪಾಲನ್ನು ಯಂತ್ರ ಇಳಿಸದೆ ಕೂಲಿಯವರಿಂದಲೇ ಮಾಡಿಸುವ ಕೆಲಸಕ್ಕೆ ಅಂತ ನೀವೇ ಎತ್ತಿಡಬಹುದು. ಅದಕ್ಕೆ ಶಾಸಕಾಂಗ ಪಕ್ಷದ ಒಪ್ಪಿಗೆಯೂ ಬೇಡ.

ಅಡ್ಡಾದವರಲ್ಲಿ ಬಹಳ ಜನರ ಮತ ಇಲ್ಲಿಲ್ಲ. ಚುನಾವಣೆ ಬಂದರೆ ಅವರು ಯಾದಗಿರಿಗೆ ಬಸ್ಸು ಹತ್ತುತ್ತಾರೆ. ಅವರ ಹೆಸರು ಯಾವ ಪಕ್ಷದ ಪಟ್ಟಿಗೂ ಬಾರದ್ದಕ್ಕೆ ಇದೇ ಕಾರಣ ಅಂತ ನನಗೆ ಗುಮಾನಿ. ನನ್ನ ಮತ ಮಾತ್ರ ಇಲ್ಲಿದೆ, ನಮ್ಮ ವಸ್ತಿಯ ಇನ್ನೂ ಎಷ್ಟೋ ಕನ್ನಡದವರದ್ದೂ ಇದೆ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಈ ಅಧಿವೇಶನದಲ್ಲಿ ಒಂದು ತಾರಾಂಕಿತ (ಚುಕ್ಕೆ ಗುರುತಿನ) ಪ್ರಶ್ನೆ ಹಾಕಿ: ಕಳೆದ ಹತ್ತು ವರ್ಷಗಳಲ್ಲಿ ವೃತ್ತಿ ತೆರಿಗೆ ಎಷ್ಟು ಬಂತು, ಅದರಲ್ಲಿ ಪುಣೆ, ಪಿಂಪ್ರಿ-ಚಿಂಚವಡದ ಪಾಲು ಎಷ್ಟು, ಕೂಲಿ ಕೊಡಲು ಖರ್ಚಾದದ್ದು ಎಷ್ಟು. ವರ್ಷವಾರು ಕೇಳಿ. ಒಟ್ಟು ಮೊತ್ತ ಕೊಟ್ಟು ಜಾರಿಕೊಳ್ಳಲು ಬಿಡಬೇಡಿ. ಉತ್ತರ ಬಂದ ದಿನ ಒಂದು ಪ್ರತಿ ನಮಗೂ ಕಳಿಸಿ. ಮರಾಠಿಯಲ್ಲೇ ಇರಲಿ, ನಾವು ಓದಿಕೊಳ್ಳುತ್ತೇವೆ.

ನಿಮ್ಮ ಕ್ಷೇತ್ರದ ಒಬ್ಬ ಕನ್ನಡ ಮತದಾರ,
ಸಿಂಹಗಡ ರಸ್ತೆ, ಪುಣೆ