ಎಫ್-5ರ ಆ ತುದಿ

ಧಾರವಾಡ
ರವಿವಾರ ರಾತ್ರಿ

ಚಿರಂಜೀವಿ ಅವ್ವಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮವ್ವ ನಿನ್ನ ಸಲುವಾಗಿ ಶೇಂಗಾ ಚಟ್ನಿಪುಡಿ, ಕಡಕ್ ರೊಟ್ಟಿ ಕಟ್ಟಿಟ್ಟು ಬೆಂಗಳೂರಿಗೆ ಹೋಗುವವರ ದಾರಿ ಕಾಯುತ್ತಿದ್ದಾಳೆ. ಮೊನ್ನೆ ಫೋನಿನಲ್ಲಿ ನೀನು ಸಪ್ಪಗೆ ಮಾತಾಡಿದ್ದು ನನ್ನ ತಲೆಯಿಂದ ಹೋಗಲೊಲ್ಲದು. "ಎಲ್ಲಾರಿಗೂ ಲೋಡ್ ಫ್ಲೋ ಸ್ಟಡಿ, ಹೊಸ ಲೈನಿನ ಪ್ಲ್ಯಾನಿಂಗ್ ಕೊಟ್ಟಾರ ಅಪ್ಪಾ. ನನಗಷ್ಟ ಫೀಡರ್ ಪಟ್ಟಿ ತಿದ್ದಾಕ ಹಚ್ಯಾರ" ಅಂದೆ. ಗ್ರಿಡ್ ಕಷ್ಟಕ್ಕೆ ಬಿದ್ದಾಗ ಯಾವ ಫೀಡರ್, ಅಂದರೆ ಸ್ಟೇಶನ್ನಿನಿಂದ ಊರುಗಳಿಗೆ ಹೋಗುವ ಯಾವ ಲೈನ್, ಮೊದಲು ಕಡಿಯಬೇಕು, ಯಾವುದು ಆಮೇಲೆ ಎಂಬ ಪಟ್ಟಿ. ಹಿಂದಿನವರು ಮಾಡಿಟ್ಟದ್ದರಲ್ಲಿ ತಾರೀಖು ಬದಲಿಸಿದರೆ ಮುಗೀತು ಅಂತ ನೀನು ನಕ್ಕೆ. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ.

ಆ ಪಟ್ಟಿಯ ಈ ಕಡೆ ಮೂವತ್ತು ವರ್ಷ ಕೂತವನು ನಾನು. ನೀನು ಬಿಟೆಕ್ ಓದಿದವಳು, ನಾನು ಐಟಿಐ ಮುಗಿಸಿ ಸ್ಟೇಶನ್ ಆಪರೇಟರ್ ಆದವನು. ನಿನಗೆ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಒಂದು ಸಂಗತಿ ಹೇಳಬೇಕಾಗಿದೆ. ಅದಕ್ಕೆ ಮೊದಲು ನಿನಗೆ ಗೊತ್ತಿರುವುದನ್ನೇ ನನ್ನ ಮಾತಿನಲ್ಲಿ ಸ್ವಲ್ಪ ಹೇಳುತ್ತೇನೆ. ರಿಟೈರಾದವನ ಚಟ ಅಂದುಕೋ.

ವೋಲ್ಟೇಜು ಊರಿನ ಸಂಗತಿ. ಟಿಸಿ, ಅಂದರೆ ಕಂಬದ ಟ್ರಾನ್ಸ್‌ಫಾರ್ಮರ್, ಮನೆಯಿಂದ ದೂರ ಇದ್ದರೆ ನಮ್ಮ ಬಲ್ಬಷ್ಟೇ ಮಂಕು. ಫ್ರೀಕ್ವೆನ್ಸಿ ಅಂದರೆ ಕರೆಂಟಿನ ಮಿಡಿತ, ಸೆಕೆಂಡಿಗೆ ಐವತ್ತು ಸಲ; ಅದು ಹಾಗಲ್ಲ, ಈಗ ಇಡೀ ದೇಶದ್ದು. 2012ರ ಜುಲೈ 30ರ ನಡುರಾತ್ರಿ ಒಮ್ಮೆ, ಮರುದಿನ ಮಧ್ಯಾಹ್ನ ಮತ್ತೊಮ್ಮೆ ಉತ್ತರದ ಗ್ರಿಡ್ ಬಿತ್ತಲ್ಲ, ಎರಡನೇ ದಿನ ಅರವತ್ತು ಕೋಟಿ ಜನ ಕತ್ತಲಲ್ಲಿದ್ದರು. ನಾವಿಲ್ಲಿ ಮಿರ್ಚಿ ಭಜಿ ತಿನ್ನುತ್ತ ಟಿವಿಯಲ್ಲಿ ಅದನ್ನು ನೋಡಿದೆವು. ಆಗ ದಕ್ಷಿಣದ ಗ್ರಿಡ್ಡಿಗೂ ಉಳಿದದ್ದಕ್ಕೂ ನಡುವೆ ಇದ್ದದ್ದು ಡಿಸಿ ಕೊಂಡಿ. ಎರಡು ಕೆರೆಗಳ ನಡುವೆ ತೂಬು ಇದ್ದ ಹಾಗೆ: ಬೇಕಾದಷ್ಟು ನೀರು ಬಿಟ್ಟುಕೊಳ್ಳಬಹುದು, ಆಚೆ ಕೆರೆ ಒಡೆದರೆ ಈಚೆಯದು ಒಡೆಯುವುದಿಲ್ಲ. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಕೂಡಿಸಿದ ಮೇಲೆ ಎಲ್ಲ ಒಂದೇ ನೊಗ. ಗುಜರಾತಿನಲ್ಲಿ ದೊಡ್ಡ ಯಂತ್ರ ನಿಂತರೆ ನಮ್ಮ ಸ್ಟೇಶನ್ನಿನ ಮೀಟರಿನಲ್ಲೂ ಕಡೆಯ ಅಂಕಿ ಕದಲುತ್ತದೆ. ಮೊದಮೊದಲು ನನಗದು ದೆವ್ವ ಕಂಡ ಹಾಗೆ ಆಗುತ್ತಿತ್ತು.

ಫ್ರೀಕ್ವೆನ್ಸಿ 49.90ರಿಂದ 50.05ರ ನಡುವೆ ಇದ್ದರೆ ಎಲ್ಲ ಸರಿ. ಹೊರೆ ಹೆಚ್ಚಾಗಿ ಅದರ ಕೆಳಗೆ ಜಾರುತ್ತ ಹೋದರೆ, ಹೊರೆ ಇಳಿಸಿ ಅಂತ ನಿಮ್ಮ ಸೆಂಟರಿನಿಂದ ಫೋನು. ಫೋನಿಗೂ ನಿಲ್ಲದೆ 49.4 ಮುಟ್ಟಿತೋ, ರಿಲೇ ಎಂಬ ಕಾವಲು ಯಂತ್ರ ತಾನೇ ಮೊದಲ ಹಂತದ ಫೀಡರ್‌ಗಳನ್ನು ಹಾರಿಸುತ್ತದೆ. ಆಮೇಲೆ 49.2, 49.0, 48.8. ರಿಲೇ ಯಾರ ಮುಖವನ್ನೂ ನೋಡುವುದಿಲ್ಲ. ಫೋನ್ ಬಂದಾಗ ಹ್ಯಾಂಡಲ್ ತಿರುಗಿಸುವ ಮನುಷ್ಯ ನೋಡುತ್ತಾನೆ. ನಾನು ನೋಡಿದೆ. ಅದನ್ನು ಹೇಳಲಿಕ್ಕೇ ಈ ಕಾಗದ.

2003ರ ಬೇಸಿಗೆ, ಬರದ ವರ್ಷ. ಗದಗ ಜಿಲ್ಲೆಯ ಆ 110 ಕೆವಿ ಸ್ಟೇಶನ್ನಿನಲ್ಲಿ ನನಗೆ ರಾತ್ರಿ ಪಾಳಿ. ನೀನು ಮೂರು ವರ್ಷದವಳು. ನಮ್ಮ ಕ್ವಾರ್ಟರ್ಸ್ ಕಂಪೌಂಡಿನ ಹಿಂದೆಯೇ ಇತ್ತು, ಫ್ಯಾನ್ ನಿಂತ ಕೂಡಲೇ ನೀನು ಎದ್ದು ಅಳುವುದು ಕಂಟ್ರೋಲ್ ರೂಮಿಗೆ ಕೇಳುತ್ತಿತ್ತು. ರಾತ್ರಿ ಒಂದೂವರೆಗೆ ಕ್ಯಾರಿಯರ್ ಫೋನ್ ಬಂತು. ಹೈಟೆನ್ಶನ್ ತಂತಿಯ ಮೇಲೆಯೇ ಹರಿದು ಬರುತ್ತಿದ್ದ ದನಿ ಅದು, ಬಾವಿಯೊಳಗೆ ನಿಂತು ಕೂಗಿದ ಹಾಗೆ. "ನಾಲ್ಕು ಮೆಗಾವ್ಯಾಟ್, ಹತ್ತು ನಿಮಿಷದಾಗ." ಅಷ್ಟೇ. ಅಷ್ಟು ಹೊರೆ ಇಳಿಸಬೇಕು; ಯಾವ ಫೀಡರ್ ಅಂತ ಅವರು ಹೇಳುವುದಿಲ್ಲ. ಯಾವ ರಾತ್ರಿ ಯಾವ ಫೀಡರ್ ತೆಗೆಯಬೇಕು ಅನ್ನುವ ಪಾಳಿಯ ಪಟ್ಟಿಯನ್ನು ಪ್ಯಾನೆಲ್ ಪಕ್ಕದ ಗೋಡೆಗೆ ಅಂಟಿಸಿತ್ತು. ಆ ರಾತ್ರಿ ಪಾಳಿ ಇದ್ದದ್ದು ಎಫ್-4 ಮತ್ತು ಎಫ್-2.

ಎಫ್-4 ತೆಗೆದೆ. ಎಫ್-2 ಅಂದರೆ ಪೇಟೆ. ಅದನ್ನು ತೆಗೆದರೆ ಐದು ನಿಮಿಷಕ್ಕೆ ಫೋನು ಶುರು, ಒಬ್ಬೊಬ್ಬರದೂ ಒಂದೊಂದು ಹುದ್ದೆ. ನಮ್ಮ ಕ್ವಾರ್ಟರ್ಸೂ ಅದರ ಮೇಲೆಯೇ. ಎಫ್-5 ಹಳ್ಳಿಗಳದ್ದು, 120 ಆಂಪಿಯರ್ ಎಳೆಯುತ್ತಿತ್ತು, ಹತ್ತತ್ತಿರ ಎರಡು ಮೆಗಾವ್ಯಾಟ್. ಹಿಂದಿನ ರಾತ್ರಿಯೇ ಅದರ ಪಾಳಿ ಮುಗಿದಿತ್ತು. ಎಫ್-5ರವರು ಯಾರೂ ಫೋನ್ ಮಾಡುವುದಿಲ್ಲ; ಆಗ ಯಾರ ಮನೆಯಲ್ಲಿ ಫೋನಿತ್ತು? ನನ್ನ ಕೈ ಎಫ್-2ರ ಹ್ಯಾಂಡಲ್ ಮೇಲೆ ಇತ್ತು ಅವ್ವಿ. ಪಿಸ್ತೂಲಿನ ಹಿಡಿಕೆಯಂಥ ಕರೀ ಹ್ಯಾಂಡಲ್, ಕೈ ಬೆವರಿಗೆ ಹೊಳಪು ಬಂದದ್ದು. ಅಲ್ಲಿಂದ ಕೈ ತೆಗೆದು ಎಫ್-5ರದು ಎಡಕ್ಕೆ ತಿರುಗಿಸಿದೆ. ಯಾರ್ಡಿನಲ್ಲಿ ಬ್ರೇಕರ್ ಧಡ್ ಅಂತು. ಕೆಂಪು ದೀಪ ಹೋಗಿ ಹಸಿರು ಹತ್ತಿತು. ನಮ್ಮಲ್ಲಿ ಹಸಿರು ಅಂದರೆ ಕರೆಂಟ್ ಇಲ್ಲ ಅಂತ. ಹೊಸಬರಿಗೆ ಇದು ತಿಳಿಯಲು ಒಂದು ವಾರ ಬೇಕು. ಲಾಗ್‌ಶೀಟಿನಲ್ಲಿ "ಸೂಚನೆಯಂತೆ" ಅಂತ ಬರೆದೆ. ಸೂಚನೆ ನಾಲ್ಕು ಮೆಗಾವ್ಯಾಟಿಗೆ ಇತ್ತು, ಎಫ್-5ಕ್ಕೆ ಇರಲಿಲ್ಲ.

ಎರಡು ಗಂಟೆ ಹತ್ತಕ್ಕೆ ವಾಪಸ್ ಕೊಡಿ ಅಂದರು. ಎಫ್-4 ಹಾಕಿದೆ, ಟ್ರಿಪ್ ಆಗದೆ ನಿಂತುಕೊಂಡಿತು. ಎಫ್-5 ಹಾಕಿದ ಕೂಡಲೇ ಆಂಪಿಯರ್ ಮುಳ್ಳು 300ರ ಆಚೆ ಜಿಗಿದು ಟ್ರಿಪ್. ಮತ್ತೆ ಹಾಕಿದೆ, ಮತ್ತೆ ಟ್ರಿಪ್. ರಾತ್ರಿಯಲ್ಲಿ ಯಾರು ಎದ್ದು ಹೋಗಬೇಕು ಅಂತ ರೈತರು ಸ್ಟಾರ್ಟರಿಗೆ ಆಟೋ ಹಾಕಿರುತ್ತಾರೆ. ಕರೆಂಟ್ ಬಂದ ಕ್ಷಣಕ್ಕೆ ಇದ್ದ ಪಂಪೆಲ್ಲ ಒಮ್ಮೆಗೇ ಎದ್ದು ನಿಲ್ಲುತ್ತವೆ. ಕಡಿಯುವಾಗ ಎರಡು ಮೆಗಾವ್ಯಾಟ್ ಇದ್ದದ್ದು ಕೊಡುವಾಗ ಎರಡೇ ಇರುವುದಿಲ್ಲ. ಈ ಲೆಕ್ಕ ನಿನ್ನ ಪಟ್ಟಿಯ ಯಾವ ಕಾಲಮ್ಮಿನಲ್ಲಿದೆ ನೋಡು. ಲೈನ್‌ಮನ್ನನನ್ನು ಎಬ್ಬಿಸಿ, ಅವನು ಸೈಕಲ್ ತುಳಿದು ಹೋಗಿ ಲೈನಿನ ನಡುವೆ ಕಂಬದ ಮೇಲಿರುವ ಸ್ವಿಚ್ಚು ಜಿಓಎಸ್ ಬಿಚ್ಚಿ, ಅರ್ಧ ಅರ್ಧ ಲೈನ್ ಹಾಕಿಕೊಳ್ಳುವ ಹೊತ್ತಿಗೆ ನಾಲ್ಕೂವರೆ. ಐದಕ್ಕೆ, ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಬಂದ್.

ಎಫ್-5ರ ಕಡೆಯ ಟಿಸಿ ಎಲ್ಲಿದೆ ಅಂತ ನಿನಗೆ ಗೊತ್ತು. ಅದರ ಕಂಬಕ್ಕೆ ಜೋಕಾಲಿ ಕಟ್ಟುತ್ತೇನೆ ಅಂತ ಹಟ ಮಾಡಿ ನೀನು ಬೈಸಿಕೊಂಡಿದ್ದೆ. ದೊಡ್ಡಪ್ಪನ ಹೊಲ. ಆ ವರ್ಷ ಬೇಸಿಗೆ ಶೇಂಗಾ ಹಾಕಿದ್ದ. ಹೂ ಉದುರಿ ಕಾಯಿ ನೆಲಕ್ಕೆ ಇಳಿಯುವ ಹೊತ್ತು, ಆಗ ನೆಲ ಬಿರುಸಾದರೆ ಮುಗೀತು.

ಮೂರನೇ ದಿನ ಮಜ್ಜಿಗೆ ಗಡಿಗೆ ಹಿಡಿದು ಕ್ವಾರ್ಟರ್ಸಿಗೆ ಬಂದ. ಚಾ ಕುಡಿದ. ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಎರಡು ರಾತ್ರಿ ಒಂದೂ ಮಡಿ ತುಂಬಲಿಲ್ಲೋ ತಮ್ಮಾ" ಅಂದ. ದನಿಯಲ್ಲಿ ಸಿಟ್ಟು ಇರಲಿಲ್ಲ. ಆಮೇಲೆ ಕೇಳಿದ: "ಅದನ್ನ ಆರಿಸಾವ ಯಾರು? ಬೆಂಗಳೂರಾಗ ಕುಂತಾವನ?"

"ಹೂಂ, ಮ್ಯಾಲಿಂದ ಬರತೈತಿ" ಅಂದೆ.

"ಹಂಗಾರ ಅವಗ ನಮ್ಮ ಹೊಲ ಹ್ಯಾಂಗ ಗೊತ್ತಾಗಬೇಕು, ಬಿಡು" ಅಂದ. ಇಲ್ಲದ ಮನುಷ್ಯನಿಗೆ ಕ್ಷಮೆ ಕೊಟ್ಟು ಎದ್ದು ಹೋದ.

ಈಗ ಬೆಂಗಳೂರಿನಲ್ಲಿ ಕುಂತಾಕಿ ನೀನು. ಅವನ ಹೊಲವೂ ನಿನಗೆ ಗೊತ್ತು.

ಪಟ್ಟಿ ತೆಗೆದು ಒಂದೊಂದೇ ಸಾಲು ನೋಡು ಅಂತ ಹೇಳುವುದು ಅದಕ್ಕೇ. ಎಫ್-5ರಂಥ ಫೀಡರಿನ ಮುಂದೆ ಎರಡು ಮೆಗಾವ್ಯಾಟ್ ಅಂತ ಬರೆದಿರುತ್ತಾರೆ. ಯಾವ ಹೊತ್ತಿನ ಎರಡು? ಈಗ ಪಂಪ್‌ಸೆಟ್ ಫೀಡರಿಗೆ ಏಳು ತಾಸು ತ್ರೀ ಫೇಸ್, ಸೋಲಾರ್ ಹೆಚ್ಚಾದ ಮೇಲೆ ಅದನ್ನು ಬಹಳ ಕಡೆ ಹಗಲಿಗೇ ತಂದಿದ್ದಾರೆ. ಸಂಜೆ ಏಳಕ್ಕೆ, ಸೋಲಾರ್ ಪೂರ್ತಿ ಇಳಿದು ಮನೆ ಮನೆಯ ದೀಪ ಹತ್ತುವಾಗ ಫ್ರೀಕ್ವೆನ್ಸಿ ಜಾರಿದರೆ, ರಿಲೇ ಹೋಗಿ ಎಫ್-5 ಹಾರಿಸುತ್ತದೆ; ಆ ಹೊತ್ತಿಗೆ ಅದರಲ್ಲಿ ಏನೂ ಇರುವುದಿಲ್ಲ. ಗ್ರಿಡ್ಡಿಗೆ ಸಿಕ್ಕದ್ದು ಸೊನ್ನೆ. ಹಗಲಲ್ಲಿ ಬೇರೆ ತರದ ಪಜೀತಿ. ಫೀಡರಿನ ಮೇಲೆ ಯಾರೋ ಸೋಲಾರ್ ಕೂಡಿಸಿರುತ್ತಾರೆ, ಮಧ್ಯಾಹ್ನ ಅದು ಊರಿಗೆ ಸಾಕಾಗಿ ಉಳಿದದ್ದನ್ನು ಮೇಲಕ್ಕೆ ಕಳಿಸುತ್ತಿರುತ್ತದೆ. ಅದನ್ನು ಕಡಿದರೆ ಕೊರತೆ ಇನ್ನಷ್ಟು ಹೆಚ್ಚುತ್ತದೆ. ಇನ್ನೊಂದು, ರಿಲೇ ಹಾಕಿದ ಫೀಡರನ್ನೇ ಕೈಯಿಂದ ಕಡಿಯುವ ಪಟ್ಟಿಗೂ ಸೇರಿಸಿಬಿಡುತ್ತಾರೆ. ಆಪರೇಟರ್ ಮೊದಲೇ ತೆಗೆದಿಟ್ಟಿದ್ದನ್ನು ರಿಲೇ ಮತ್ತೇನು ತೆಗೆಯಬೇಕು? ಕುಡಿಯುವ ನೀರಿನ ಪಂಪ್‌ಹೌಸ್ ಯಾವುದರ ಮೇಲಿದೆ, ದವಾಖಾನೆ ಯಾವುದರ ಮೇಲಿದೆ, ಇದು ಎಕ್ಸೆಲ್ಲಿನಲ್ಲಿ ಸಿಗುವುದಿಲ್ಲ. ಲೈನ್‌ಮನ್ನನಿಗೆ ಫೋನ್ ಮಾಡು. ಅಣ್ಣಾ ಅಂತ ಮಾತಾಡಿಸಿದರೆ ಕಂಬದ ನಂಬರ್ ಸಮೇತ ಹೇಳುತ್ತಾನೆ.

ಅಂದಾಜು ಅನ್ನುವುದರ ಹಣೆಬರಹವನ್ನೂ ನೋಡಿದ್ದೇನೆ. 2020ರ ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಆರಿಸಿದರಲ್ಲ, ನೀನೂ ನಿಮ್ಮವ್ವನೂ ಕಟ್ಟೆಯ ಮೇಲೆ ಪಣತಿ ಹಚ್ಚಿದ್ದಿರಿ, ನಾನು ಸ್ಟೇಶನ್ನಿನಲ್ಲಿ ಮೀಟರ್ ಮುಂದೆ ಕೂತಿದ್ದೆ. 12-14 ಸಾವಿರ ಮೆಗಾವ್ಯಾಟ್ ಇಳಿಯಬಹುದು ಅಂತ ದೊಡ್ಡವರ ಲೆಕ್ಕ. ಇಳಿದದ್ದು 31 ಸಾವಿರ. ಆದರೂ ಫ್ರೀಕ್ವೆನ್ಸಿ 50.26ರ ಮೇಲೆ ಹೋಗಲಿಲ್ಲ, 49.70ರ ಕೆಳಗೆ ಇಳಿಯಲಿಲ್ಲ. ಲೆಕ್ಕ ತಪ್ಪಿದರೂ ಜಲವಿದ್ಯುತ್ತಿನವರು ಯಂತ್ರ ಬಿಗಿಹಿಡಿದು ಕಾಯುತ್ತಿದ್ದರು, ಅದಕ್ಕೆ ಉಳಿಯಿತು. ಮೂರು ವರ್ಷದ ಮೇಲೆ, 2023ರಲ್ಲಿ, ಆ ನೀರೇ ಕೈಕೊಟ್ಟಿತು. ಮಳೆಗಾಲದಲ್ಲಿ ಬೋರುಗಳೆಲ್ಲ ಬೇಸಿಗೆಯ ಹಾಗೆ ಓಡಿದವು, ಡ್ಯಾಮುಗಳಲ್ಲಿ ನೀರಿಲ್ಲ. ಪಂಜಾಬು, ಉತ್ತರ ಪ್ರದೇಶಗಳಿಂದ ಕರೆಂಟನ್ನು ಕೈಗಡ ತಂದರು, ಮುಂದಿನ ಮಳೆಗಾಲಕ್ಕೆ ತಿರುಗಿ ಕೊಡುವ ಮಾತಿನ ಮೇಲೆ. ಓಣಿಯಲ್ಲಿ ಸಕ್ಕರೆ ಕೈಗಡ ತಂದ ಹಾಗೆ ಸಾವಿರ ಮೈಲಿಯಿಂದ ಕರೆಂಟು! ನಿಮ್ಮವ್ವ ಎಷ್ಟು ನಕ್ಕಳು ಅಂತಿ.

ಲೈನ್ ಪ್ಲ್ಯಾನಿಂಗ್ ಸಿಕ್ಕ ನಿನ್ನ ಗೆಳತಿಗೂ ಒಂದು ಮಾತು ಹೇಳು. ಒಂದು ಹೋದರೂ ಉಳಿದದ್ದು ಹೊರಬೇಕು ಅನ್ನುವ ನಿಯಮ ನಿಮ್ಮ ಪುಸ್ತಕದಲ್ಲಿದೆ. ನಮ್ಮಲ್ಲಿ ತಲಾ 10 ಎಂವಿಎ ಹೊರೆ ಹೊರುವ ಟ್ರಾನ್ಸ್‌ಫಾರ್ಮರ್ ಎರಡು ಇದ್ದವು, ಒಂದೊಂದರ ಮೇಲೂ ಏಳೇಳು ಹೊರೆ. ಎರಡಿವೆ, ಚಿಂತೆಯಿಲ್ಲ ಅನ್ನುತ್ತಿದ್ದರು ಎಲ್ಲರೂ. ಒಂದು ದಿನ ಒಂದು ಟ್ರಿಪ್ ಆಯಿತು. ಹದಿನಾಲ್ಕೂ ಇನ್ನೊಂದರ ಮೇಲೆ ಬಿತ್ತು. ಅದರ ದನಿ ಬದಲಾದದ್ದು ನನಗಿನ್ನೂ ಕಿವಿಯಲ್ಲಿದೆ, ಗುಂಯ್ ಅನ್ನುತ್ತಿದ್ದದ್ದು ಒಮ್ಮೆಗೇ ಗಂಟಲು ಕಟ್ಟಿದ ಹಾಗೆ. ಹೂಟರ್ ಒದರುತ್ತಿರುವಾಗ ಓಡಿ ಎರಡು ಫೀಡರ್ ತೆಗೆದೆ. ಅವತ್ತೂ ತೆಗೆದದ್ದರಲ್ಲಿ ಎಫ್-5 ಇತ್ತು. ಆದರೆ ಅವತ್ತು ಪಾಳಿ ಅದರದೇ ಆಗಿತ್ತು.

ಆ ಬೇಸಿಗೆಯ ನಂತರ ನಾನೊಂದು ನೋಟ್‌ಬುಕ್ ಇಟ್ಟಿದ್ದೆ. ಯಾವ ರಾತ್ರಿ ಯಾವುದು ತೆಗೆದೆ, ಎಷ್ಟು ಹೊತ್ತು, ಯಾವುದು ಎಷ್ಟು ಸಲ. ಯಾರೂ ಕೇಳಿದ್ದಲ್ಲ. ಎಫ್-2ಕ್ಕೂ ಪಾಳಿ ಬಂತು, ನೀನೂ ಅತ್ತೆ, ಫೋನುಗಳೂ ಬಂದವು. ನೋಟ್‌ಬುಕ್ಕನ್ನು ರೊಟ್ಟಿ ಗಂಟಿನಲ್ಲೇ ಇಟ್ಟಿದ್ದೇನೆ. ಅಂಕಿಗಳು ಹಳೆಯವು, ನಿನಗೆ ಉಪಯೋಗವಿಲ್ಲ. ಮೊದಲ ಪುಟ ಮಾತ್ರ ನೋಡು.

ದೊಡ್ಡಪ್ಪ ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ, ನಮ್ಮ ಹುಡುಗಿ ಬೆಂಗಳೂರಿನ ದೊಡ್ಡ ಕರೆಂಟ್ ಆಫೀಸಿನ್ಯಾಗ ಅದಾಳ ಅಂತ. ಟಿಸಿ ಸುಟ್ಟರೂ ನಿನಗೇ ಫೋನ್ ಮಾಡಿಯಾನು, ಬೇಸರ ಮಾಡಿಕೊಳ್ಳಬೇಡ. ಪಂಚಮಿಗೆ ರಜೆ ಹಾಕಿ ಬಾ. ಉಂಡಿ ಕಟ್ಟುವ ಹೊತ್ತಿಗೆ ನೀನಿರಬೇಕು ಅಂತ ನಿಮ್ಮವ್ವ ಹೇಳಿದ್ದಾಳೆ. ಒಂದು ಮುಂಜಾನೆ ನಾವಿಬ್ಬರೂ ಹೊಲಕ್ಕೆ ಹೋಗಿ ಬರೋಣ. ಆ ರಾತ್ರಿಯದು ಅವನಿಗೆ ನಾನಿನ್ನೂ ಹೇಳಿಲ್ಲ. ನೀನು ಪಕ್ಕದಲ್ಲಿ ನಿಂತರೆ ಹೇಳಿಯೇನು.

ಇಂತಿ ನಿನ್ನ
ಅಪ್ಪ