ಅಪಾರ್ಟ್‌ಮೆಂಟ್ ತಾರಸಿ ಕಡೆಗಣಿಸಬೇಡಿ

ಮಾನ್ಯರೇ,

ಬಳ್ಳಾರಿಯ ಅಪಾರ್ಟ್‌ಮೆಂಟ್ ಜಾಹೀರಾತುಗಳಲ್ಲಿ ಜಿಮ್ ಇರುತ್ತದೆ, ಕ್ಲಬ್‌ಹೌಸ್ ಇರುತ್ತದೆ, ತಾರಸಿಯ ಮಾತೇ ಇರುವುದಿಲ್ಲ. ಆದರೆ 42 ಡಿಗ್ರಿ ಬಿಸಿಲಿನ ಈ ಊರಲ್ಲಿ ಮೇಲಿನ ಮಹಡಿಯವರ ನಿದ್ದೆ, ನೀರು ಎರಡೂ ತಾರಸಿಯನ್ನೇ ಅವಲಂಬಿಸಿವೆ.

ಹಗಲಿಡೀ ಕಾದ ಸ್ಲ್ಯಾಬ್ ರಾತ್ರಿ ಆ ಕಾವನ್ನು ಮನೆಯೊಳಕ್ಕೆ ಬಿಡುತ್ತದೆ. ಬಿಸಿಲನ್ನು ಹಿಂದಕ್ಕೆ ತಳ್ಳುವ ಬಿಳಿ ಲೇಪನ ಇದಕ್ಕೆ ಅಗ್ಗದ ಪರಿಹಾರ. ಮೊದಲು ಬಿರುಕು ಮುಚ್ಚಬೇಕು, ನೂರು ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರು ಕೊಡಬೇಕು, ತೊಳೆದು ಪೂರ್ತಿ ಒಣಗಿದ ಮೇಲೆ ಎರಡು ಕೋಟ್ ಬಳಿಯಬೇಕು. ಸುಡುವ ಮಧ್ಯಾಹ್ನ ಬಳಿದರೆ ಲೇಪನ ಕಚ್ಚಿಕೊಳ್ಳುವ ಮೊದಲೇ ಒಣಗಿ ಸಿಪ್ಪೆ ಏಳುತ್ತದೆ. ನಮ್ಮಲ್ಲಿ ಕೆಂಧೂಳು ಬೇರೆ. ಅದು ಕೂತಷ್ಟೂ ಬಿಳುಪಿನ ಗುಣ ಕುಗ್ಗುವುದರಿಂದ ಬೇಸಿಗೆಯಲ್ಲಿ ಆಗಾಗ ಗುಡಿಸಿ ಒರೆಸಲೇಬೇಕು. ಬಳಿಯುವ ತನಕ ಇರುವ ಹುರುಪು ನಿವಾಸಿಗಳ ಸಂಘಗಳಿಗೆ ಆಮೇಲೆ ಇರುವುದಿಲ್ಲ.

ಇನ್ನು ನೀರು. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ಟ್ಯಾಂಕನ್ನು ಸ್ಲ್ಯಾಬ್ ಮೇಲೆಯೇ ಕೂರಿಸಿದರೆ ಎತ್ತರ ಸಾಲದೆ ಕೊನೆಯ ಮಹಡಿಯ ಶವರ್ ತೊಟ್ಟಿಕ್ಕುತ್ತದೆ, ವಾಷಿಂಗ್ ಮೆಷಿನ್ ತುಂಬುವುದೇ ಇಲ್ಲ. ಟ್ಯಾಂಕಿನ ತಳ ಸ್ಲ್ಯಾಬಿನಿಂದ ಮೂರು ಮೀಟರ್ ಮೇಲಿರಲಿ, ಇಲ್ಲವೇ ಆ ಮಹಡಿಗೆ ಪ್ರೆಷರ್ ಪಂಪ್ ಇರಲಿ. ಹತ್ತು ಮಹಡಿ ಕೆಳಗಿನವರ ಪಾಡು ಇದರ ತಿರುಗುಮುರುಗು: ಅಲ್ಲಿ ಒತ್ತಡ ಮೂರು ಬಾರ್ ತಲುಪಿ ನಲ್ಲಿಯ ವಾಷರ್ ಪದೇ ಪದೇ ಹೋಗುತ್ತದೆ. ಅಲ್ಲಿಗೆ ಇಳಿಯುವ ಪೈಪಿಗೆ ಒತ್ತಡ ತಗ್ಗಿಸುವ ವಾಲ್ವ್ ಬೇಕು.

ತಾರಸಿ ಸೋರಿದರೆ ಖರ್ಚು ಹಂಚಿಕೊಳ್ಳಲು ಅವಸರಪಡಬೇಡಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಾಮಗಾರಿಯ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ದೂರು ಬರಹದಲ್ಲಿರಲಿ, ದಿನಾಂಕ ಕಾಣುವ ಫೋಟೊಗಳೂ ಜೊತೆಗಿರಲಿ.

ನಮಗೆ ಅತಿ ನೋವು ತರುವುದು ತಾರಸಿಯ ಬಾಗಿಲಿಗೆ ಹಾಕುವ ಬೀಗ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಗೆ ಹಾಸುವುದು, ನೆರೆಯವರೊಡನೆ ಮಾತಿಗೆ ಕೂರುವುದು ಈ ಸೀಮೆಯ ರೂಢಿ. ಬೀಗ ಬಿದ್ದ ಮೇಲೆ ವಯಸ್ಸಾದವರು ನಾಲ್ಕು ಗೋಡೆಯೊಳಗೇ ಉಳಿಯುತ್ತಾರೆ. ಬೆಂಕಿ ಬಿದ್ದರಂತೂ ಹೊಗೆ ಮೆಟ್ಟಿಲುದ್ದಕ್ಕೂ ಮೇಲೇರುತ್ತದೆ, ಮೇಲಕ್ಕೆ ಓಡಿದವರು ಮುಚ್ಚಿದ ಬಾಗಿಲ ಮುಂದೆ ಸಿಕ್ಕಿಬೀಳುತ್ತಾರೆ. ಮಕ್ಕಳ ಸುರಕ್ಷತೆಯೇ ಚಿಂತೆಯಾದರೆ ಒಳಗಿನಿಂದ ತಳ್ಳಿದೊಡನೆ ತೆರೆದು ಗಂಟೆ ಬಾರಿಸುವ ಬಾಗಿಲು ಹಾಕಿಸಿ, ತಾರಸಿಯ ಅಂಚಿನ ಗೋಡೆಯನ್ನು (ಪ್ಯಾರಪೆಟ್) ಎದೆಯೆತ್ತರಕ್ಕೆ ಏರಿಸಿ.

ಮಹಾನಗರ ಪಾಲಿಕೆಯು ವಾಸಯೋಗ್ಯ ಪ್ರಮಾಣಪತ್ರ ಕೊಡುವ ಮೊದಲು ಟ್ಯಾಂಕಿನ ಎತ್ತರ, ತಾರಸಿಯ ಇಳಿಜಾರು, ಆ ಬಾಗಿಲು ಇವಿಷ್ಟನ್ನೂ ಖುದ್ದಾಗಿ ಪರಿಶೀಲಿಸಲಿ.

— ಅಪಾರ್ಟ್‌ಮೆಂಟ್ ನಿವಾಸಿಗಳು, ಬಳ್ಳಾರಿ