ಕೃಷಿ ಸಚಿವರಿಗೆ ಬಹಿರಂಗ ಪತ್ರ: ‘ಜೈವಿಕ’ ಬಾಟಲಿಯೊಳಗೆ ಏನಿದೆ ಎಂದು ಮೊದಲು ಪರೀಕ್ಷಿಸಿ

ಮಾನ್ಯ ಕೃಷಿ ಸಚಿವರೇ,

ಧಾರವಾಡ ಜಿಲ್ಲೆಯ ಎರೆಹೊಲದಲ್ಲಿ ಮಳೆಯನ್ನೇ ನಂಬಿ ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವನು ನಾನು. ಕೊಟ್ಟ ಅರ್ಜಿಗಳು ಯಾವ ಕಚೇರಿಯ ಯಾವ ಮೇಜಿನ ಮೇಲೆ ಕುಳಿತಿವೆಯೋ ತಿಳಿಯದು. ಆದ್ದರಿಂದ ಈ ಸಲ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಕೇಳುವುದು ಒಂದೇ. ‘ಜೈವಿಕ’, ‘ಗಿಡಮೂಲಿಕೆ’ ಎಂಬ ಹೆಸರಿನಲ್ಲಿ ರೈತರಿಗೆ ಮಾರುವ ಪ್ರತಿ ಔಷಧಿಯನ್ನೂ ಮಾರಾಟಕ್ಕೆ ಮೊದಲು ಪರೀಕ್ಷಿಸಿ, ವರದಿಯನ್ನು ಅಂಗಡಿಯ ಗೋಡೆಗೆ ಹಚ್ಚಿಸಿ.

ಕಡ್ಡಿ ತಳಿಯಾಗಲಿ ಡಬ್ಬಿ ತಳಿಯಾಗಲಿ, ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕಾಯಿಯಿಂದ ತೆಗೆಯುವ ಓಲಿಯೋರೆಸಿನ್ ಎಂಬ ಗಟ್ಟಿ ಬಣ್ಣದ ರಸ ತಿನಿಸಿಗೂ ಹೋಗುತ್ತದೆ, ತುಟಿಬಣ್ಣಕ್ಕೂ ಹೋಗುತ್ತದೆ. ಕಾಯಿಯ ಮೇಲೆ ಉಳಿದ ಕೀಟನಾಶಕವೂ ಆ ರಸದಲ್ಲಿ ಸಾಂದ್ರವಾಗುವುದರಿಂದ ಖರೀದಿದಾರರು ಪರೀಕ್ಷೆ ಮಾಡಿಸದೆ ಮಾಲು ಮುಟ್ಟುವುದಿಲ್ಲ. ವಿಷವಿಲ್ಲದ ಕಾಯಿ ಬೆಳೆಯಿರಿ ಎಂದು ನಿಮ್ಮ ಅಧಿಕಾರಿಗಳು ಊರೂರಿಗೆ ಬಂದು ಹೇಳಿದ್ದು ಸರಿಯಾಗಿಯೇ ಇತ್ತು. ನಾವು ನಂಬಿದೆವು. ಗುಂಪು ಕಟ್ಟಿಕೊಂಡು ಸಾವಯವ ಪ್ರಮಾಣೀಕರಣಕ್ಕೆ ಹೆಸರು ನೋಂದಾಯಿಸಿದೆವು.

ಅಲ್ಲಿಂದ ಮುಂದಿನ ಕಷ್ಟ ಹೊಲದಲ್ಲಿ ನಿಂತವರಿಗೇ ಗೊತ್ತು. ಮೆಣಸಿನಕಾಯಿ ಜೊತೆ ಉಳ್ಳಾಗಡ್ಡಿ, ಹತ್ತಿ ಹಾಕುವುದು ನಮ್ಮ ಕಡೆ ಹಳೆಯ ಪದ್ಧತಿ, ಅದನ್ನು ಬಿಡಲಿಲ್ಲ. ಕೀಟ ತಡೆಯಲು ಹೊಲದ ಸುತ್ತ ಜೋಳದ ಸಾಲು ಹಾಕಿದೆವು, ನೀಲಿ ಅಂಟುಬಲೆ ಕಟ್ಟಿದೆವು. ಬೇವಿನ ಬೀಜ ಆರಿಸಿ ಒಣಗಿಸಿ ಕುಟ್ಟಬೇಕು, ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ನೆನೆಯಿಡಬೇಕು, ಹಿಂಡಿ ಸೋಸಬೇಕು. ಬಿಸಿಲಿಗೆ ಅದರ ಕಸುವು ಹೋಗುವುದರಿಂದ ಹೊತ್ತು ಇಳಿದ ಮೇಲೆಯೇ ಸಿಂಪಡಿಸಬೇಕು. ಆ ಹೊತ್ತಿಗೆ ಕೂಲಿಯವರು ಸಿಗುವುದಿಲ್ಲ. ನನ್ನ ಹೆಂಡತಿ ಬೀಜ ಕುಟ್ಟಿ ಕುಟ್ಟಿ ಅಂಗೈ ಬೊಬ್ಬೆ ಬರಿಸಿಕೊಂಡಿದ್ದಾಳೆ. ಪಕ್ಕದ ಹೊಲದವರು ಎಣ್ಣೆ, ಅಂದರೆ ರಾಸಾಯನಿಕ ಕೀಟನಾಶಕ, ಹೊಡೆದು ಒಂದೇ ತಾಸಿನಲ್ಲಿ ಮನೆಗೆ ಹೋಗುತ್ತಾರೆ.

ಇದರ ನಡುವೆ ಕಪ್ಪು ಥ್ರಿಪ್ಸ್ ಬಂತು. 2021–22ರ ಹಂಗಾಮಿನಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಕಾಯಿ ಬೆಳೆಗಾರರ ಬೆನ್ನು ಮುರಿದ ಕೀಟ ಅದು. ಅರಳಿದ ಹೂವೊಂದನ್ನು ಕಿತ್ತು ಅಂಗೈಗೆ ತಟ್ಟಿದರೆ ಎಳ್ಳಿಗಿಂತ ಸಣ್ಣ ಕಪ್ಪು ಹುಳುಗಳು ಉದುರಿ ಅತ್ತಿತ್ತ ಓಡುತ್ತಿದ್ದವು. ಹೂವು ಕಂದುಬಣ್ಣಕ್ಕೆ ತಿರುಗಿ ಕಾಯಿ ಕಟ್ಟುವ ಮೊದಲೇ ಬೀಳುತ್ತಿತ್ತು. ಬೇವಿನ ಕಷಾಯಕ್ಕೆ ಅದು ಪೂರ್ತಿ ಬಗ್ಗಲಿಲ್ಲ. ಎಣ್ಣೆ ಹೊಡೆದವರಿಗೂ ಬಗ್ಗಲಿಲ್ಲ ಎನ್ನುವುದು ಬೇರೆ ಮಾತು.

ಮುಂದೆಯೂ ಪ್ರತಿ ಹಂಗಾಮಿನಲ್ಲಿ ಅದೇ ಭಯ. ಹಾಗಿರುವಾಗ ನಮ್ಮೂರಿನಲ್ಲಿ ರೈತರ ಶಿಬಿರವೊಂದು ನಡೆಯಿತು. ವೇದಿಕೆಯ ಮೇಲೆ ಅಧಿಕಾರಿಯೊಬ್ಬರು ಕುಳಿತಿದ್ದರು. ಅವರ ಪಕ್ಕದಲ್ಲೇ ನಿಂತು ಕಂಪನಿಯ ಪ್ರತಿನಿಧಿ ಬಾಟಲಿ ಎತ್ತಿ ತೋರಿಸಿದ: ಪೂರ್ತಿ ಗಿಡಮೂಲಿಕೆ, ಸಾವಯವದವರು ಕಣ್ಣುಮುಚ್ಚಿ ಬಳಸಬಹುದು. ಅಧಿಕಾರಿ ತಲೆಯಾಡಿಸಿದರು. ಬಾಟಲಿಯ ಮೇಲೆ ಒಂದು ಹಸಿರು ಎಲೆಯ ಚಿತ್ರವಿತ್ತು. ಒಳಗೆ ಏನಿದೆ ಎಂಬ ವಿವರವಿರಲಿಲ್ಲ, ಪರವಾನಗಿ ಸಂಖ್ಯೆಯೂ ಇರಲಿಲ್ಲ. ಸರ್ಕಾರಿ ಅಧಿಕಾರಿಯ ಎದುರಿಗೇ ಮಾರುತ್ತಿದ್ದುದರಿಂದ ಗುಂಪಿನವರೆಲ್ಲ ಕೊಂಡೆವು.

ಪ್ರಮಾಣೀಕರಣದವರು ಒಯ್ದ ಕಾಯಿಯ ಮಾದರಿಯಲ್ಲಿ ರಾಸಾಯನಿಕ ಕೀಟನಾಶಕ ಸಿಕ್ಕಿತು. ಬಾಟಲಿಯಲ್ಲಿ ಉಳಿದಿದ್ದ ಔಷಧಿಯನ್ನು ನಮ್ಮ ಖರ್ಚಿನಲ್ಲೇ ಪರೀಕ್ಷೆಗೆ ಕಳಿಸಿದೆವು. ಅದೇ ಕೀಟನಾಶಕ ಅದರಲ್ಲೂ ಇತ್ತು. ಅಷ್ಟು ವರ್ಷದ ಬೆವರು ಒಂದು ಹಾಳೆಯ ಮೇಲೆ ಮುಗಿದುಹೋಯಿತು. ವಾರ್ಷಿಕ ಬೆಳೆಯ ಹೊಲ ಸಾವಯವ ಎನಿಸಿಕೊಳ್ಳುವ ಮೊದಲು ಕಾಯಬೇಕಾದ ಪರಿವರ್ತನೆಯ ಅವಧಿ ಎರಡು ವರ್ಷ ಎಂಬುದು ತಮಗೆ ತಿಳಿದೇ ಇದೆ. ನಮ್ಮನ್ನು ಅದರ ಮೊದಲ ದಿನಕ್ಕೆ ತಂದು ನಿಲ್ಲಿಸಿದರು. ಅದೇ ಅಧಿಕಾರಿಯನ್ನು ಕೇಳಿದರೆ ಬಂದ ಉತ್ತರ: ‘ಬಾಟಲಿ ಮೇಲೆ ಏನು ಬರೆದಿದೆ ಎಂದು ನೋಡಿ ತೆಗೆದುಕೊಳ್ಳಬೇಕಿತ್ತು.’ ಏನೂ ಬರೆಯದ ಬಾಟಲಿಯನ್ನು ಮಾರಲು ಬಿಟ್ಟವರು ಯಾರು, ಸ್ವಾಮಿ? ಓದಬೇಕಾದವರು ನಾವೋ, ಓದಿ ಜಪ್ತಿ ಮಾಡಬೇಕಾದ ಅಧಿಕಾರವಿರುವ ನಿಮ್ಮವರೋ?

ಕಾನೂನು ಇಲ್ಲವೆಂದು ಹೇಳಬೇಡಿ. ಕೀಟನಾಶಕಕ್ಕೆ 1968ರ ಕಾಯ್ದೆ ಇದೆ. ಗಿಡದ ಬೆಳವಣಿಗೆ ಹೆಚ್ಚಿಸಲು ಕೊಡುವ ಬೆಳೆ ಪ್ರಚೋದಕಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತರಲಾಗಿದೆ. ಅವುಗಳಲ್ಲಿ ಕೀಟನಾಶಕ 0.01 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 0.01 ಭಾಗ) ಮೀರಬಾರದು ಎಂದು ಅದರಲ್ಲೇ ಬರೆದಿದೆ. ಮಾದರಿ ತೆಗೆಯುವ ಪರಿವೀಕ್ಷಕರು ನಿಮ್ಮ ಇಲಾಖೆಯಲ್ಲೇ ಇದ್ದಾರೆ. ನಮ್ಮ ಒಂದು ಹಿಡಿ ಕಾಯಿಯನ್ನು ಪ್ರಯೋಗಾಲಯಕ್ಕೆ ಒಯ್ದು ಜಾಲಾಡಲು ಸಾಧ್ಯವಿರುವ ದೇಶದಲ್ಲಿ ಆ ಕಾಯಿಗೆ ಹೊಡೆಯುವ ಔಷಧಿಯನ್ನು ಜಾಲಾಡಲು ಆಗುವುದಿಲ್ಲವೇ?

ನಮ್ಮ ಗುಂಪಿನಲ್ಲಿ ಕೆಲವರು ಮತ್ತೆ ಎಣ್ಣೆಗೆ ಹೋಗಿದ್ದಾರೆ. ಅವರನ್ನು ತಡೆಯುವ ಬಾಯಿ ನನಗಿಲ್ಲ, ಮಕ್ಕಳ ಫೀಸು ಅವರೂ ಕಟ್ಟಬೇಕು. 2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ ನಮ್ಮದು ಎಂದು ಭಾಷಣಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಆ ನೀತಿಯನ್ನು ನಂಬಿದವರನ್ನು ಮೊದಲು ಉಳಿಸಿಕೊಳ್ಳಿ. ಹೊಸ ಯೋಜನೆ ಬೇಡ, ಶಿಬಿರ ಬೇಡ, ಹಾರ ತುರಾಯಿ ಬೇಡ. ಬಾಟಲಿ ಪರೀಕ್ಷಿಸಿ. ವರದಿ ಗೋಡೆಗೆ ಹಚ್ಚಿಸಿ. ವಿವರವಿಲ್ಲದ ಬಾಟಲಿ ಮಾರುವವರ ಪರವಾನಗಿ ರದ್ದು ಮಾಡಿ. ಇಂತಹ ಔಷಧಿಯಿಂದ ಪ್ರಮಾಣಪತ್ರ ಕಳೆದುಕೊಂಡ ಗುಂಪುಗಳಿಗೆ ಆದ ನಷ್ಟವನ್ನು ಮಾರಿದವರಿಂದಲೇ ಕಟ್ಟಿಸಿ.

ಮುಂಗಾರಿನ ಸಸಿಮಡಿಗೆ ಬೀಜ ತೆಗೆದಿರಿಸಿದ್ದೇವೆ. ಅಂಗಡಿಗಳಿಗೆ ಹೊಸ ಮಾಲು ಬರುವುದೂ ಆಗಲೇ. ಪರೀಕ್ಷೆ ಅದಕ್ಕಿಂತ ಮೊದಲು ಆರಂಭವಾಗಬೇಕು.

ಇಂತಿ,
ಧಾರವಾಡ ಜಿಲ್ಲೆಯ ಒಬ್ಬ ಮೆಣಸಿನಕಾಯಿ ಬೆಳೆಗಾರ